ಕಣ್ಣಿನ ಒತ್ತಡ ಹತೋಟಿಯಲ್ಲಿದ್ದರೂ ನರಕೋಶಗಳು ಸಾಯುವುದೇಕೆ? ರೆಟಿನಾದ ಉರಿಯೂತದ ಕುರಿತು ಒಂದು ಪ್ರಶ್ನೆ

ಬಾಗಲಕೋಟೆ ಮಾಸ್ತರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ತಂದೆಯವರಿಗೆ ಅರವತ್ತೆಂಟು ವರ್ಷ; ಗುಳೇದಗುಡ್ಡದಲ್ಲಿ ಖಣದ ಮಗ್ಗದ ಮೇಲೆಯೇ ಜೀವನ ಕಳೆದವರು. ಕೆಲವು ವರ್ಷಗಳ ಹಿಂದೆ ಅವರ ಎರಡೂ ಕಣ್ಣುಗಳಲ್ಲಿ ಗ್ಲಾಕೋಮಾ, ಅಂದರೆ ದೃಷ್ಟಿನರ ನಿಧಾನವಾಗಿ ಕೆಡುವ ಕಾಯಿಲೆ, ಇರುವುದು ಗೊತ್ತಾಯಿತು. ಆಗ ಬಲಗಣ್ಣಿನ ಒತ್ತಡ 28 (ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ) ಇತ್ತು. ದಿನವೂ ಹನಿ ಹಾಕುತ್ತಿರುವುದರಿಂದ ಈಗ 15ರ ಆಸುಪಾಸಿನಲ್ಲಿದೆ. ಹರಿದ ಎಳೆಯನ್ನು ಹುಡುಕಿ ಗಂಟು ಹಾಕುವಷ್ಟು ನೇರ ದೃಷ್ಟಿ ಅವರಿಗೆ ಇಂದಿಗೂ ಇದೆ. ಆದರೆ ಹಳೆಯ ಮನೆಯ ಗಿಡ್ಡ ಬಾಗಿಲಿನ ಚೌಕಟ್ಟಿಗೆ, ಇಷ್ಟು ವರ್ಷ ಬಗ್ಗಿಯೇ ದಾಟಿದ ಅದೇ ಚೌಕಟ್ಟಿಗೆ, ಈಗೀಗ ಹಣೆ ಬಡಿಸಿಕೊಳ್ಳುತ್ತಾರೆ. ಸುತ್ತಲಿನ ನೋಟ ಎಷ್ಟು ಉಳಿದಿದೆ ಎಂದು ಅಳೆಯುವ ಮೊನ್ನೆಯ ಫೀಲ್ಡ್ ಟೆಸ್ಟಿನ ಕಾಗದದಲ್ಲಿ ಮೇಲ್ಭಾಗದ ಕಪ್ಪು ಕಮಾನು ಹಿಂದಿನದಕ್ಕಿಂತ ಅಗಲವಾಗಿ ಕಾಣಿಸಿತು.

ಒತ್ತಡ ಇಳಿದ ಮೇಲೂ ಕೆಲವರಲ್ಲಿ ನರದ ಹಾನಿ ಮುಂದುವರಿಯುತ್ತದೆ, ಅದರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯ ಪಾತ್ರವೂ ಇರಬಹುದು ಎಂದು ನೋಡಿದ ವೈದ್ಯರು ಹೇಳಿದರು. ಹೊರಗೆ ಸಾಲು ದೊಡ್ಡದಿತ್ತು, ಹೆಚ್ಚು ಕೇಳಲಾಗಲಿಲ್ಲ. ನನ್ನ ಸಂದೇಹಗಳು ಇವು. ಕಣ್ಣು ಕೆಂಪಾಗಿಲ್ಲ, ನೋವಿಲ್ಲ, ನೀರು ಸುರಿಯುವುದಿಲ್ಲ. ಹಾಗಿರುವಾಗ ಒಳಗೆ ಉರಿಯೂತವಿದೆ ಎಂದು ಹೇಳುವುದು ಯಾವ ಅರ್ಥದಲ್ಲಿ? ನಮ್ಮನ್ನು ಕಾಯಬೇಕಾದ ಕೋಶಗಳು ನಮ್ಮದೇ ನರಕೋಶಗಳನ್ನು ಹೇಗೆ ಕೊಲ್ಲುತ್ತವೆ? ಅದು ನಿಜವೇ ಆಗಿದ್ದರೆ ಉರಿಯೂತ ಇಳಿಸುವ ಔಷಧವನ್ನೇ ಏಕೆ ಕೊಡುವುದಿಲ್ಲ? ಕೊನೆಯದನ್ನು ಕೇಳಲು ಕಾರಣವಿದೆ. ನಮ್ಮ ಸೋದರಮಾವನವರು ತಮ್ಮ ಮೊಮ್ಮಗನ ಕಣ್ಣಿನ ತುರಿಕೆಗೆ ಔಷಧದ ಅಂಗಡಿಯಿಂದ ತಂದ ಸ್ಟೀರಾಯ್ಡ್ ಹನಿಯನ್ನು ತೋರಿಸಿ, ಇದನ್ನೇ ಅಪ್ಪನಿಗೂ ಎರಡು ಹನಿ ಹಾಕಿ ನೋಡು ಎಂದು ಒತ್ತಾಯಿಸುತ್ತಿದ್ದಾರೆ.

ವಿಜಯಪುರ ಕಣ್ಣಿನ ಡಾಕ್ಟರ್:

ಮಾಸ್ತರರೇ, ಮೊದಲು ಆ ಹನಿಯ ಮಾತು. ದಯವಿಟ್ಟು ಹಾಕಬೇಡಿ. ಸ್ಟೀರಾಯ್ಡ್ ಹನಿಯು ಕಣ್ಣಿನೊಳಗಿನ ದ್ರವ ಹೊರಗೆ ಹರಿದುಹೋಗುವ ಜಾಲರಿಯಂಥ ಅಂಗಾಂಶವನ್ನು ಬಿಗಿಗೊಳಿಸಿ ಒತ್ತಡವನ್ನು ಏರಿಸುತ್ತದೆ. ಆರೋಗ್ಯವಂತರಲ್ಲೂ ಸುಮಾರು ಮೂರರಲ್ಲಿ ಒಬ್ಬರಿಗೆ ವಾರಗಟ್ಟಲೆ ಹಾಕಿದರೆ ಒತ್ತಡ ಸಾಧಾರಣ ಪ್ರಮಾಣದಲ್ಲಿ ಏರುತ್ತದೆ, ನೂರರಲ್ಲಿ ಐದಾರು ಜನರಿಗೆ ಬಹಳವೇ ಏರುತ್ತದೆ. ಈಗಾಗಲೇ ಗ್ಲಾಕೋಮಾ ಇರುವವರಲ್ಲಂತೂ ಹೆಚ್ಚಿನವರಿಗೆ ಏರುತ್ತದೆ. ಬೇಸಿಗೆಯ ಧೂಳಿಗೆ ಕಣ್ಣುಜ್ಜಿಕೊಳ್ಳುವ ಮಕ್ಕಳಿಗೆ, ಹಾಕಿದೊಡನೆ ಕೆಂಪು ಇಳಿಯುತ್ತದೆ ಎಂಬ ಕಾರಣಕ್ಕೆ, ಅಂಗಡಿಯಿಂದ ಇದನ್ನೇ ತಿಂಗಳುಗಟ್ಟಲೆ ತಂದು ಹಾಕಿ, ಮಗು ಬೋರ್ಡು ಕಾಣುವುದಿಲ್ಲ ಎಂದಾಗ ಆಸ್ಪತ್ರೆಗೆ ಕರೆತರುವವರನ್ನು ನಾನು ನೋಡುತ್ತಲೇ ಇರುತ್ತೇನೆ. ಆದ್ದರಿಂದ ಆ ಮೊಮ್ಮಗನ ಕಣ್ಣಿನ ಒತ್ತಡವನ್ನೂ ಒಮ್ಮೆ ಅಳತೆ ಮಾಡಿಸಲು ನಿಮ್ಮ ಮಾವನವರಿಗೆ ಹೇಳಿ.

ಇನ್ನು ಕೆಂಪಿಲ್ಲದ ಉರಿಯೂತದ ವಿಷಯ. ಕಣ್ಣು ಕೆಂಪಾಗುವುದು ಹೊರಪದರದ ಮತ್ತು ಮುಂಭಾಗದ ರಕ್ತನಾಳಗಳು ಹಿಗ್ಗಿದಾಗ. ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾ ಇರುವುದು ಕಣ್ಣಿನ ಹಿಂಗೋಡೆಯಲ್ಲಿ. ಅದರಲ್ಲಿ ನೋವು ತಿಳಿಸುವ ನರಗಳೇ ಇಲ್ಲ. ಗ್ಲಾಕೋಮಾದಲ್ಲಿ ನಡೆಯುವುದು ಹೊರಗಿನಿಂದ ನುಗ್ಗಿ ಬಂದ ಬಿಳಿರಕ್ತಕಣಗಳ ದೊಡ್ಡ ದಾಳಿಯಲ್ಲ, ಅಲ್ಲಿಯೇ ವಾಸವಾಗಿರುವ ಕೋಶಗಳು ವರ್ಷಗಟ್ಟಲೆ ಕೆರಳಿದ ಸ್ಥಿತಿಯಲ್ಲಿ ಉಳಿಯುವುದು. ಟಾರ್ಚು ಹಿಡಿದು ನೋಡಿದರೆ ನನಗೂ ಅದು ಕಾಣುವುದಿಲ್ಲ. ನಮಗೆ ಕಾಣುವುದು ಅದರ ಪರಿಣಾಮ ಮಾತ್ರ: ರೆಟಿನಾದ ಪದರಗಳನ್ನು ಬೆಳಕಿನಿಂದ ಅಳೆಯುವ ಓಸಿಟಿ ಸ್ಕ್ಯಾನಿನಲ್ಲಿ ನರತಂತುಗಳ ಪದರ ತೆಳುವಾಗಿರುವುದು, ನರದ ತಲೆಯಲ್ಲಿನ ಗುಳಿ ದೊಡ್ಡದಾಗಿರುವುದು. ಕೋಶಗಳ ಮಟ್ಟದ ವಿವರವನ್ನು ಅದರಲ್ಲೇ ಕೆಲಸ ಮಾಡುವವರು ಬರೆದರೆ ಒಳ್ಳೆಯದು.

ಬೆಳಗಾವಿ ಸಂಶೋಧನಾ ವಿದ್ಯಾರ್ಥಿ:

ಡಾಕ್ಟರ್ ಮೇಡಮ್ ಬಿಟ್ಟಲ್ಲಿಂದ ಮುಂದುವರಿಸುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಏಕೆಂದರೆ ಮಾಸ್ತರರ ಎರಡನೆಯ ಪ್ರಶ್ನೆಗೆ ಒಂದೇ ಸಾಲಿನ ಉತ್ತರವಿಲ್ಲ.

ಗ್ಲಾಕೋಮಾದಲ್ಲಿ ಸಾಯುವುದು ರೆಟಿನಾದ ಗ್ಯಾಂಗ್ಲಿಯನ್ ಕೋಶಗಳು. ಒಂದೊಂದು ಕಣ್ಣಿನಲ್ಲಿ ಇವು ಸುಮಾರು ಹತ್ತು ಲಕ್ಷ ಇರುತ್ತವೆ. ಪ್ರತಿಯೊಂದು ಕೋಶದಿಂದಲೂ ಹೊರಟ ಒಂದು ಉದ್ದನೆಯ ತಂತು ಕಣ್ಣಿನ ಹಿಂಭಾಗದಲ್ಲಿರುವ ತೂತುತೂತಾದ ಪದರವನ್ನು ತೂರಿ, ದೃಷ್ಟಿನರವಾಗಿ ಮಿದುಳನ್ನು ತಲುಪುತ್ತದೆ. ಒತ್ತಡ ಹೆಚ್ಚಾದಾಗ ಆ ಪದರವು ಬಾಗಿ ತಂತುಗಳನ್ನು ಹಿಸುಕುತ್ತದೆ. ಕೋಶದಿಂದ ಮಿದುಳಿನತ್ತ, ಮಿದುಳಿನಿಂದ ಕೋಶದತ್ತ ಸಾಗುವ ಪೋಷಕ ವಸ್ತುಗಳ ಓಡಾಟ ಅಲ್ಲಿ ಕುಂಠಿತವಾಗುತ್ತದೆ. ಇಷ್ಟಕ್ಕೇ ಕೋಶ ಸತ್ತುಹೋಗುವುದಿಲ್ಲ. ಅದು ಬಳಲುತ್ತದೆ, ಬಳಲಿದ್ದೇನೆಂಬ ರಾಸಾಯನಿಕ ಸೂಚನೆಗಳನ್ನು ಹೊರಗೆ ಬಿಡುತ್ತದೆ. ರೋಗನಿರೋಧಕ ವ್ಯವಸ್ಥೆಯ ಪ್ರವೇಶ ಆಗುವುದು ಇಲ್ಲಿ.

ಆ ಸೂಚನೆಗಳನ್ನು ಮೊದಲು ಹಿಡಿಯುವುದು ಮೈಕ್ರೋಗ್ಲಿಯಾ ಎಂಬ ಕೋಶಗಳು. ಇವು ಭ್ರೂಣಾವಸ್ಥೆಯಲ್ಲಿಯೇ ರೆಟಿನಾಕ್ಕೆ ಬಂದು ನೆಲೆಸಿರುತ್ತವೆ. ಆರೋಗ್ಯವಂತ ರೆಟಿನಾದಲ್ಲಿ ಕವಲೊಡೆದ ಸಣ್ಣ ಕೈಗಳನ್ನು ಸದಾ ಚಾಚುತ್ತ ಸುತ್ತಲಿನ ಜಾಗವನ್ನು ತಡವುತ್ತಿರುತ್ತವೆ. ಕೆರಳಿದಾಗ ಆ ಕೈಗಳು ಗಿಡ್ಡವಾಗಿ, ಮೈ ದುಂಡಗಾಗಿ, ಹಾನಿಯಾದ ಕಡೆಗೆ ತೆವಳುತ್ತವೆ. ಸೂಕ್ಷ್ಮದರ್ಶಕದಲ್ಲಿ ಈ ಎರಡು ರೂಪಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಒಂದೇ ಜಾತಿಯ ಕೋಶ ಎಂದು ಹೊಸಬರು ನಂಬುವುದಿಲ್ಲ. ಕೆರಳಿದ ಮೈಕ್ರೋಗ್ಲಿಯಾಗಳು ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಮುಂತಾದ ಪ್ರೋಟೀನುಗಳನ್ನು ಸ್ರವಿಸುತ್ತವೆ. ಅಲ್ಪ ಕಾಲಕ್ಕೆ ಇವು ದುರಸ್ತಿಗೆ ಬೇಕು. ಆದರೆ ಒತ್ತಡವೆಂಬ ಕಾರಣ ಮುಗಿಯದಿರುವುದರಿಂದ ಸ್ರಾವವೂ ನಿಲ್ಲುವುದಿಲ್ಲ.

ಎರಡನೆಯದು ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಸರಣಿ. ರಕ್ತದಲ್ಲಿ ಇದರ ಕೆಲಸ ರೋಗಾಣುಗಳ ಮೈಗೆ ಅಂಟಿಕೊಂಡು, ಇದನ್ನು ನುಂಗಿಹಾಕಿ ಎಂದು ನುಂಗುಕೋಶಗಳಿಗೆ ತೋರಿಸಿಕೊಡುವುದು. ಕಡಿಯಬೇಕಾದ ಮರಕ್ಕೆ ಅರಣ್ಯ ಇಲಾಖೆಯವರು ಮೊದಲೇ ಗುರುತು ಹಾಕಿಡುವಂತೆ. ಮಿದುಳು ಮತ್ತು ರೆಟಿನಾ ಬೆಳೆಯುವ ಕಾಲದಲ್ಲಿ ಇದೇ ಸರಣಿಯ ಮೊದಲ ಪ್ರೋಟೀನಾದ ಸಿ1ಕ್ಯೂ, ನರಕೋಶಗಳ ನಡುವಿನ ಅನವಶ್ಯಕ ಕೂಡುತಾಣಗಳ ಮೇಲೆ ಕುಳಿತು ಅವುಗಳನ್ನು ತೆಗೆಸಿಹಾಕುತ್ತದೆ ಎಂಬುದು 2007ರಲ್ಲಿ ಇಲಿಗಳ ಅಧ್ಯಯನದಿಂದ ತಿಳಿಯಿತು. ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಆನುವಂಶಿಕವಾಗಿ ಗ್ಲಾಕೋಮಾ ಬರುವ ಒಂದು ಇಲಿತಳಿಯಲ್ಲಿ, ಗ್ಯಾಂಗ್ಲಿಯನ್ ಕೋಶಗಳು ಎದ್ದುಕಾಣುವಂತೆ ಸಾಯುವುದಕ್ಕೆ ಮುಂಚೆಯೇ ಸಿ1ಕ್ಯೂ ಅವುಗಳ ಕೂಡುತಾಣಗಳ ಮೇಲೆ ಮತ್ತೆ ಬಂದು ಕುಳಿತಿತ್ತು. ಬಾಲ್ಯದಲ್ಲಿ ಮುಗಿದಿರಬೇಕಾದ ಸವರುವ ಕೆಲಸ ಬೆಳೆದ ಮೇಲೆ ಪುನಃ ಶುರುವಾಗಿತ್ತು. ಅದೇ ತಳಿಯ ಇಲಿಗಳಲ್ಲಿ ಸಿ1ಕ್ಯೂ ತಯಾರಾಗದಂತೆ ಮಾಡಿದಾಗ ಹಾನಿ ಕಡಿಮೆಯಾದದ್ದು ಮುಂದೆ ಕಂಡುಬಂತು.

ಮೂರನೆಯದು ಆಸ್ಟ್ರೋಸೈಟುಗಳು. ಇವು ನರಕೋಶಗಳಿಗೆ ಆಹಾರ ಒದಗಿಸುವ, ಕಸ ತೆಗೆಯುವ ಆಸರೆಯ ಕೋಶಗಳು. ಕೆರಳಿದ ಮೈಕ್ರೋಗ್ಲಿಯಾಗಳಿಂದ ಬರುವ ಮೂರು ವಸ್ತುಗಳು, ಅಂದರೆ ಇಂಟರ್‌ಲ್ಯೂಕಿನ್-1 ಆಲ್ಫಾ, ಟಿಎನ್‌ಎಫ್ ಮತ್ತು ಸಿ1ಕ್ಯೂ, ಒಟ್ಟಿಗೆ ಸೇರಿದರೆ ಆಸ್ಟ್ರೋಸೈಟುಗಳು ತಮ್ಮ ಪೋಷಣೆಯ ಕೆಲಸವನ್ನು ಬಿಟ್ಟು ನರಕೋಶಗಳಿಗೆ ವಿಷಕಾರಿಯಾಗುತ್ತವೆ ಎಂದು 2017ರಲ್ಲಿ ತೋರಿಸಲಾಯಿತು. ದೃಷ್ಟಿನರವನ್ನು ಜಜ್ಜಿದ ಇಲಿಗಳಲ್ಲಿ ಈ ಮೂರನ್ನೂ ತಡೆದಾಗ ಗ್ಯಾಂಗ್ಲಿಯನ್ ಕೋಶಗಳು ಬದುಕುಳಿದವು. ಅಂದರೆ ತಂತು ತುಂಡಾದರೂ ಕೋಶ ಕೂಡಲೇ ಸಾಯಲೇಬೇಕೆಂದಿಲ್ಲ. ಸಾವಿನ ಒಂದು ಪಾಲು ನೆರೆಯವರಿಂದ ಬರುತ್ತದೆ.

ನಿಮ್ಮ ತಂದೆಯವರ ಪ್ರಶ್ನೆಗೆ ಹತ್ತಿರವಾದ ಪ್ರಯೋಗ 2018ರದು. ಇಲಿಗಳ ಕಣ್ಣಿನ ಒತ್ತಡವನ್ನು ಕೆಲವು ವಾರ ಮಾತ್ರ ಏರಿಸಿ, ಅದು ತಾನಾಗಿ ಮೊದಲಿನ ಮಟ್ಟಕ್ಕೆ ಇಳಿಯಲು ಬಿಟ್ಟರು. ಒತ್ತಡ ಇಳಿದ ಮೇಲೂ ನರಕೋಶಗಳ ನಾಶ ಮುಂದುವರಿಯಿತು. ಆ ಹೊತ್ತಿಗೆ ರೆಟಿನಾದೊಳಗೆ ಟಿ-ಕೋಶಗಳು ಎಂಬ ಒಂದು ಬಗೆಯ ಬಿಳಿರಕ್ತಕಣಗಳು ಸೇರಿಕೊಂಡಿದ್ದವು. ಸಾಮಾನ್ಯವಾಗಿ ರಕ್ತ ಮತ್ತು ರೆಟಿನಾಗಳ ನಡುವಿನ ತಡೆ ಇವುಗಳನ್ನು ಹೊರಗೇ ಇಡುತ್ತದೆ. ಬಳಲಿದ ಕೋಶಗಳು ತಯಾರಿಸುವ ಹೀಟ್ ಶಾಕ್ ಪ್ರೋಟೀನುಗಳು ಆ ಟಿ-ಕೋಶಗಳ ಗುರಿಯಾಗಿದ್ದವು. ಬ್ಯಾಕ್ಟೀರಿಯಾಗಳಲ್ಲೂ ಇಂಥವೇ ಪ್ರೋಟೀನುಗಳಿರುವುದರಿಂದ, ಕರುಳಿನ ನಿರುಪದ್ರವಿ ಸೂಕ್ಷ್ಮಜೀವಿಗಳ ಪರಿಚಯದಿಂದ ಮೊದಲೇ ಪಳಗಿದ ಟಿ-ಕೋಶಗಳು ಕಣ್ಣಿನಲ್ಲಿ ತಪ್ಪು ಗುರಿ ಹಿಡಿದವು ಎಂದು ಆ ಸಂಶೋಧಕರ ವಾದ. ಯಾವ ಸೂಕ್ಷ್ಮಜೀವಿಯ ಸೋಂಕೂ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಒತ್ತಡ ಏರಿದರೂ ಈ ನಾಶ ಆಗಲಿಲ್ಲ. ಗ್ಲಾಕೋಮಾ ಇರುವ ಮನುಷ್ಯರ ರಕ್ತದಲ್ಲೂ ಈ ಪ್ರೋಟೀನುಗಳ ವಿರುದ್ಧದ ಟಿ-ಕೋಶಗಳ ಪ್ರತಿಕ್ರಿಯೆ ಹೆಚ್ಚಾಗಿಯೇ ಇತ್ತು. ಆದರೆ ರಕ್ತದಲ್ಲಿ ಇರುವುದು ಬೇರೆ, ಕಣ್ಣನ್ನು ಕೆಡಿಸುತ್ತಿರುವುದು ಅದೇ ಎಂದು ಸಾಬೀತಾಗುವುದು ಬೇರೆ.

ಇಷ್ಟು ಓದಿದ ಮೇಲೆ ರೋಗನಿರೋಧಕ ವ್ಯವಸ್ಥೆಯನ್ನೇ ಬಾಯಿ ಮುಚ್ಚಿಸಿಬಿಡೋಣ ಅನಿಸುವುದು ಸಹಜ. ಅದಕ್ಕೆ ಎದುರಾದ ಪುರಾವೆಗಳೂ ಇವೆ. ಇಲಿಗಳಲ್ಲಿ ದೃಷ್ಟಿನರಕ್ಕೆ ಪೆಟ್ಟು ಬಿದ್ದಾಗ ಕೆಲವು ಬಗೆಯ ಟಿ-ಕೋಶಗಳು ಉಳಿದ ನರಕೋಶಗಳನ್ನು ಕಾಪಾಡುತ್ತವೆ ಎಂಬುದು 1999ರಷ್ಟು ಹಿಂದೆಯೇ ವರದಿಯಾಗಿತ್ತು. ಮೈಕ್ರೋಗ್ಲಿಯಾಗಳನ್ನೇ ಇಲ್ಲವಾಗಿಸಿ ದೃಷ್ಟಿನರವನ್ನು ಜಜ್ಜಿದ ಮತ್ತೊಂದು ಪ್ರಯೋಗದಲ್ಲಿ ಗ್ಯಾಂಗ್ಲಿಯನ್ ಕೋಶಗಳ ಸಾವಿನಲ್ಲಿ ವ್ಯತ್ಯಾಸವೇ ಆಗಲಿಲ್ಲ. ನನ್ನ ಅಭಿಪ್ರಾಯದಲ್ಲಿ, ಒತ್ತಡವು ಕೆಡುಕನ್ನು ಆರಂಭಿಸುತ್ತದೆ, ಉರಿಯೂತವು ಅದನ್ನು ಮುಂದುವರಿಸುತ್ತದೆ ಎನ್ನುವಷ್ಟನ್ನು ಧೈರ್ಯವಾಗಿ ಹೇಳಬಹುದು. ಯಾವ ಕೋಶವನ್ನು, ಯಾವ ಹಂತದಲ್ಲಿ, ಎಷ್ಟು ತಡೆದರೆ ಮನುಷ್ಯನ ಕಣ್ಣು ಉಳಿಯುತ್ತದೆ ಎನ್ನುವುದು ಇನ್ನೂ ಪ್ರಯೋಗದ ವಿಷಯ.

ಜಮಖಂಡಿ ಓದುಗಿ:

ಸ್ಟೀರಾಯ್ಡನ್ನು ಒಂದೇ ಮಾತಿನಲ್ಲಿ ದೂರ ಇಡಿ ಎಂದು ಬರೆದದ್ದು ಕೆಲವರನ್ನು ದಾರಿ ತಪ್ಪಿಸಬಹುದೆಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ. ನನ್ನ ತಂಗಿಗೆ ಎರಡು ಮೂರು ದಿನಗಳಲ್ಲಿ ಒಂದು ಕಣ್ಣು ಮಂಜಾಯಿತು. ಕಣ್ಣುಗುಡ್ಡೆ ಹೊರಳಿಸಿದರೆ ನೋವು, ಕೆಂಪು ಬಣ್ಣದ ಸೀರೆ ಆ ಕಣ್ಣಿಗೆ ಮಾಸಿದ ಇಟ್ಟಿಗೆಯ ಬಣ್ಣವಾಗಿ ಕಾಣುತ್ತಿತ್ತು. ದೃಷ್ಟಿನರದ ಉರಿಯೂತ ಎಂದು ಆಸ್ಪತ್ರೆಯಲ್ಲಿ ಸೇರಿಸಿಕೊಂಡು ರಕ್ತನಾಳದ ಮೂಲಕ ಸ್ಟೀರಾಯ್ಡನ್ನೇ ಕೊಟ್ಟರು. ಆಮೇಲೆ ರಕ್ತಪರೀಕ್ಷೆಯಲ್ಲಿ ಅಕ್ವಾಪೋರಿನ್-4 ಎಂಬ ಪ್ರೋಟೀನಿನ ವಿರುದ್ಧದ ಪ್ರತಿಕಾಯಗಳು ಸಿಕ್ಕವು. ಈಗ ರೋಗ ಮರುಕಳಿಸದಂತೆ ಕಾಯಂ ಔಷಧವಿದೆ. ಆ ದಿನ ಸ್ಟೀರಾಯ್ಡಿಗೆ ಹೆದರಿ ಮನೆಯಲ್ಲಿ ಕುಳಿತಿದ್ದರೆ ಏನಾಗುತ್ತಿತ್ತೋ.

ವಿಜಯಪುರ ಕಣ್ಣಿನ ಡಾಕ್ಟರ್:

ಅಕ್ಕಾ, ನೀವು ಬರೆದದ್ದು ಸರಿ, ಬರೆದದ್ದು ಒಳ್ಳೆಯದೂ ಆಯಿತು. ನಾನು ಬೇಡವೆಂದದ್ದು ಗ್ಲಾಕೋಮಾ ಇರುವ ಕಣ್ಣಿಗೆ ಯಾರೂ ನೋಡದೆ ಹಾಕುವ ಹನಿಯನ್ನು. ನಿಮ್ಮ ತಂಗಿಯವರ ಕಾಯಿಲೆಯಲ್ಲಿ ರೋಗನಿರೋಧಕ ವ್ಯವಸ್ಥೆಯೇ ಮೊದಲ ಆರೋಪಿ. ಅಕ್ವಾಪೋರಿನ್-4 ಎಂಬುದು ಆಸ್ಟ್ರೋಸೈಟುಗಳ ಮೈಮೇಲೆ ನೀರು ಹಾಯುವ ದ್ವಾರ. ಪ್ರತಿಕಾಯಗಳು ಅದಕ್ಕೆ ಅಂಟಿಕೊಂಡು ಕಾಂಪ್ಲಿಮೆಂಟ್ ಸರಣಿಯನ್ನು ಎಬ್ಬಿಸುತ್ತವೆ, ಆಸ್ಟ್ರೋಸೈಟುಗಳು ಸತ್ತ ಬೆನ್ನಿಗೆ ನರತಂತುಗಳೂ ಹೋಗುತ್ತವೆ. ಹಾನಿ ಗಂಟೆ, ದಿನಗಳ ಲೆಕ್ಕದಲ್ಲಿ ಆಗುವುದರಿಂದ ಚಿಕಿತ್ಸೆಯೂ ಅಷ್ಟೇ ತುರ್ತಿನದು. ಈ ಪ್ರತಿಕಾಯದ ಗುರುತು ಸಿಕ್ಕದ್ದು 2004-05ರ ಸುಮಾರಿಗೆ. ಅದಕ್ಕೂ ಮುಂಚೆ ಇಂಥ ಅನೇಕರನ್ನು ಮಲ್ಟಿಪಲ್ ಸ್ಕ್ಲೆರೋಸಿಸ್ (ಮಿದುಳು, ಬೆನ್ನುಹುರಿಗಳ ನರತಂತುಗಳ ಹೊದಿಕೆ ಕೆಡುವ ಕಾಯಿಲೆ) ರೋಗಿಗಳೆಂದೇ ಎಣಿಸಲಾಗುತ್ತಿತ್ತು. ಕಾಂಪ್ಲಿಮೆಂಟ್ ಸರಣಿಯನ್ನೇ ತಡೆಯುವ ಎಕುಲಿಝುಮ್ಯಾಬ್ ಎಂಬ ಔಷಧಕ್ಕೆ ಈ ಕಾಯಿಲೆಗಾಗಿ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ದೊರಕಿತು. ವಿದ್ಯಾರ್ಥಿ ಮಿತ್ರರು ಬರೆದ ಸರಣಿ ಬರೀ ಇಲಿಗಳ ಮಾತಲ್ಲ ಎನ್ನುವುದಕ್ಕೆ ಇದೊಂದು ಸಾಕ್ಷಿ.

ದೃಷ್ಟಿನರದ ಉರಿಯೂತದಲ್ಲೂ ಸ್ಟೀರಾಯ್ಡ್ ಕೊಡುವ ಕ್ರಮ ಮುಖ್ಯ. 1992ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪರೀಕ್ಷೆಯಲ್ಲಿ, ರಕ್ತನಾಳದ ಮೂಲಕ ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ದೃಷ್ಟಿ ಬೇಗ ಮರಳಿತು. ಸಾಮಾನ್ಯ ಪ್ರಮಾಣದ ಮಾತ್ರೆಯನ್ನಷ್ಟೇ ನುಂಗಿದವರಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚಾಯಿತು. ಆದ್ದರಿಂದ ಕೆಲವೇ ದಿನಗಳಲ್ಲಿ ದೃಷ್ಟಿ ಕುಸಿದರೆ, ಕಣ್ಣು ಹೊರಳಿಸಿದಾಗ ನೋವಾದರೆ, ಬಣ್ಣಗಳು ಮಂಕಾದರೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಇಂಡಿ ರೈತ:

ನನಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಅದರಲ್ಲಿ ಕೆಡುವುದು ರಕ್ತನಾಳ ಎಂದು ಕೇಳಿದ್ದೇನೆ. ಅಲ್ಲಿಯೂ ಈ ಉರಿಯೂತದ ಸಂಬಂಧ ಇದೆಯೇ? ಇದ್ದರೆ ದಿನಾ ಅರಿಶಿನದ ಹಾಲು ಕುಡಿಯುವುದರಿಂದ ಅಥವಾ ಆಸ್ಪಿರಿನ್ ನುಂಗುವುದರಿಂದ ಉಪಯೋಗವಾದೀತೇ?

ವಿಜಯಪುರ ಕಣ್ಣಿನ ಡಾಕ್ಟರ್:

ಇದೆ. ಸಕ್ಕರೆ ಹೆಚ್ಚಿದಾಗ ರೆಟಿನಾದ ಸಣ್ಣ ರಕ್ತನಾಳಗಳ ಒಳಗೋಡೆ ಅಂಟಂಟಾಗಿ ಬಿಳಿರಕ್ತಕಣಗಳು ಅಲ್ಲಿ ಸಿಕ್ಕಿಕೊಳ್ಳುತ್ತವೆ, ನಾಳ ಸೋರುತ್ತದೆ, ಕಟ್ಟಿಕೊಳ್ಳುತ್ತದೆ. ಎಷ್ಟೋ ಜನರಲ್ಲಿ ನಾಳಗಳ ಕೆಡುಕು ಕಣ್ಣಿಗೆ ಕಾಣುವ ಮುಂಚೆಯೇ ನರಪದರ ತೆಳುವಾಗಲು ಶುರುವಾಗಿರುತ್ತದೆ.

ಆಸ್ಪಿರಿನ್ ಕಥೆ ಕುತೂಹಲದ್ದು. ಕೀಲುವಾತಕ್ಕೆ ಆಸ್ಪಿರಿನ್ ಜಾತಿಯ ಮಾತ್ರೆಗಳನ್ನು ಹೆಚ್ಚಾಗಿ ನುಂಗುತ್ತಿದ್ದ ಮಧುಮೇಹಿಗಳಲ್ಲಿ ರೆಟಿನಾ ಕೆಡುವುದು ಕಡಿಮೆ ಎಂದು 1964ರಲ್ಲಿ ವರದಿಯಾಯಿತು. ಮುಂದೆ ಅಮೆರಿಕದಲ್ಲಿ ಸಾವಿರಾರು ರೋಗಿಗಳ ಮೇಲೆ ದಿನಕ್ಕೆ 650 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟು ನೋಡಿದಾಗ, ರೆಟಿನಾಕ್ಕೆ ಯಾವ ಲಾಭವೂ ಆಗಲಿಲ್ಲ, ಕಣ್ಣಿನೊಳಗೆ ರಕ್ತಸ್ರಾವವೂ ಹೆಚ್ಚಲಿಲ್ಲ. ಹೃದಯಕ್ಕಾಗಿ ನಿಮ್ಮ ವೈದ್ಯರು ಆಸ್ಪಿರಿನ್ ಬರೆದಿದ್ದರೆ ಮುಂದುವರಿಸಿ, ಕಣ್ಣಿಗಾಗಿ ಬೇಡ. ಅರಿಶಿನದ ಹಾಲನ್ನು ರುಚಿಗೆ ಕುಡಿಯಿರಿ, ಸಕ್ಕರೆ ಬೆರೆಸದೆ. ಹೊಟ್ಟೆಗೆ ಹೋದ ಅರಿಶಿನದ ಸಾರಾಂಶ ರಕ್ತಕ್ಕೆ ಸೇರುವುದೇ ಅತ್ಯಲ್ಪ. ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ರೆಟಿನಾ ಪರೀಕ್ಷೆ ಮಾಡಿಸುತ್ತಿದ್ದೀರಾ? ಇಲ್ಲವಾದರೆ ನಿಂಬೆಯ ಕೊಯ್ಲು ಮುಗಿಯಲೆಂದು ಕಾಯದೆ ಈ ವಾರವೇ ಹೋಗಿ.

ಬಾಗಲಕೋಟೆ ಮಾಸ್ತರ:

ಇಷ್ಟು ತಾಳ್ಮೆಯಿಂದ ಬರೆದ ಎಲ್ಲರಿಗೂ ಕೃತಜ್ಞ. ಹನಿಯ ಬಾಟಲಿಯನ್ನು ಮಾವನವರಿಗೆ ಮರಳಿಸಿದ್ದೇನೆ; ಮೊಮ್ಮಗನನ್ನು ಸೋಮವಾರ ಕರೆದೊಯ್ಯಲು ಒಪ್ಪಿದ್ದಾರೆ. ಈಗ ಉಳಿದ ಪ್ರಶ್ನೆ ಒಂದೇ. ಉರಿಯೂತವನ್ನು ನೇರವಾಗಿ ತಡೆಯುವ ಔಷಧ ಗ್ಲಾಕೋಮಾಕ್ಕೆ ಇಲ್ಲವೆಂದ ಮೇಲೆ, 15ಕ್ಕೆ ಇಳಿದ ಒತ್ತಡವನ್ನು ಇನ್ನೂ ಇಳಿಸುವುದರಿಂದ ಪ್ರಯೋಜನವಿದೆಯೇ? ವಿಟಮಿನ್ ಬಿ3 ಮಾತ್ರೆಯ ಬಗ್ಗೆಯೂ ಒಂದು ಕಡೆ ಓದಿದೆ.

ಬೆಳಗಾವಿ ಸಂಶೋಧನಾ ವಿದ್ಯಾರ್ಥಿ:

ಬಿ3, ಅಂದರೆ ನಿಕೋಟಿನಮೈಡ್, ಗ್ಲಾಕೋಮಾ ಬರುವ ಇಲಿಗಳ ಗ್ಯಾಂಗ್ಲಿಯನ್ ಕೋಶಗಳನ್ನು ಕಾಪಾಡಿದ್ದು 2017ರಲ್ಲಿ ಪ್ರಕಟವಾಯಿತು. ಅದು ಕೋಶದ ಶಕ್ತಿ ಉತ್ಪಾದನೆಗೆ ನೆರವಾಗುತ್ತದೆ, ಉರಿಯೂತಕ್ಕೆ ನೇರ ಔಷಧವಲ್ಲ. ಮನುಷ್ಯರ ಪರೀಕ್ಷೆಗಳಲ್ಲಿ ಕೊಡುತ್ತಿರುವ ಪ್ರಮಾಣವು ದಿನದ ಆಹಾರದಲ್ಲಿ ಸಿಗುವುದಕ್ಕಿಂತ ನೂರು ಪಟ್ಟಿನಷ್ಟು ಹೆಚ್ಚು; ಅಷ್ಟರಲ್ಲಿ ಯಕೃತ್ತಿಗೆ ತೊಂದರೆಯಾಗಬಹುದಾದ್ದರಿಂದ ರಕ್ತಪರೀಕ್ಷೆಯಿಲ್ಲದೆ ನುಂಗುವಂಥದ್ದಲ್ಲ. ನರಕೋಶ ಉಳಿಸುವ ಭರವಸೆ ಹುಟ್ಟಿಸಿದ್ದ ಮೆಮ್ಯಾಂಟಿನ್ ಮಾತ್ರೆಯೂ ಪ್ರಾಣಿಗಳಲ್ಲಿ ಗೆದ್ದು, ಗ್ಲಾಕೋಮಾ ರೋಗಿಗಳ ದೊಡ್ಡ ಪರೀಕ್ಷೆಗಳಲ್ಲಿ ಸೋತಿತು.

ವಿಜಯಪುರ ಕಣ್ಣಿನ ಡಾಕ್ಟರ್:

ಪ್ರಯೋಜನವಿದೆ. 10ರಿಂದ 21 ಎಂಬುದು ಜನಸಾಮಾನ್ಯರ ಸರಾಸರಿಯಿಂದ ಬಂದ ಗಡಿ. ನಿಮ್ಮ ತಂದೆಯವರ ನರಕ್ಕೆ ಎಷ್ಟು ತಾಳುತ್ತದೆಂದು ಅದು ಹೇಳುವುದಿಲ್ಲ. ಮೊದಲಿನಿಂದಲೂ ಒತ್ತಡ ಸಾಮಾನ್ಯವೇ ಇದ್ದು ಗ್ಲಾಕೋಮಾ ಬಂದವರಲ್ಲಿಯೂ ಅದನ್ನು ಶೇಕಡಾ 30ರಷ್ಟು ಇಳಿಸಿದಾಗ ಕಾಯಿಲೆ ನಿಧಾನವಾಯಿತೆಂದು 1998ರಲ್ಲಿ ಪ್ರಕಟವಾದ ಪರೀಕ್ಷೆ ತೋರಿಸಿತು. ಮತ್ತೊಂದು ದೀರ್ಘ ಅಧ್ಯಯನದ ಲೆಕ್ಕದಲ್ಲಿ ಒಂದೊಂದು ಮಿಲಿಮೀಟರ್ ಇಳಿದಂತೆ ಮುಂದುವರಿಯುವ ಸಂಭವ ಸುಮಾರು ಶೇಕಡಾ 10ರಷ್ಟು ತಗ್ಗುತ್ತದೆ. ಕೋಶವನ್ನು ಬಳಲಿಸುವ ಕಾರಣ ಕಡಿಮೆಯಾದಷ್ಟೂ ಮೈಕ್ರೋಗ್ಲಿಯಾ ಕೆರಳುವ ಸಂದರ್ಭವೂ ಕಡಿಮೆಯಾಗುತ್ತದೆ.

ಅದಕ್ಕೂ ಮೊದಲು ಕೆಲವನ್ನು ಖಚಿತ ಮಾಡಿಕೊಳ್ಳಿ. ಹನಿ ನಿಜವಾಗಿ ಕಣ್ಣಿನೊಳಗೆ ಬೀಳುತ್ತಿದೆಯೇ, ಕೆನ್ನೆಗೆ ಇಳಿಯುತ್ತಿದೆಯೇ ಎಂದು ಒಮ್ಮೆ ಎದುರಿಗೆ ನಿಂತು ನೋಡಿ. ಫೀಲ್ಡ್ ಟೆಸ್ಟಿನಲ್ಲಿ ದಣಿವು, ತೂಕಡಿಕೆಯಿಂದಲೂ ಕಪ್ಪು ಅಗಲವಾಗುತ್ತದೆ. ಆದ್ದರಿಂದ ಕೆಲವು ವಾರ ಬಿಟ್ಟು ಪುನಃ ಮಾಡಿಸಬೇಕು, ಓಸಿಟಿಯನ್ನು ಸಾಧ್ಯವಾದಷ್ಟೂ ಅದೇ ಯಂತ್ರದಲ್ಲಿ ಮಾಡಿಸಬೇಕು. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಲ್ಲುತ್ತದೆಯೇ ನೋಡಿ. ನಿಮಗೆ ನಲವತ್ತು ದಾಟಿದ್ದರೆ ನೀವೂ, ನಿಮ್ಮ ಒಡಹುಟ್ಟಿದವರೂ ತಪಾಸಣೆ ಮಾಡಿಸಿಕೊಳ್ಳಬೇಕು. ತಂದೆಯವರಿಗೆ ಬಿಪಿ ಮಾತ್ರೆ ಇದೆಯೇ? ಇದ್ದರೆ ಯಾವ ಹೊತ್ತಿಗೆ ತೆಗೆದುಕೊಳ್ಳುತ್ತಾರೆ?

ಬಾಗಲಕೋಟೆ ಮಾಸ್ತರ:

ರಾತ್ರಿ ಊಟವಾದ ಮೇಲೆ, ಮಲಗುವ ಹೊತ್ತಿಗೆ.

ವಿಜಯಪುರ ಕಣ್ಣಿನ ಡಾಕ್ಟರ್:

ನಿದ್ದೆಯಲ್ಲಿ ರಕ್ತದೊತ್ತಡ ತಾನಾಗಿಯೇ ಇಳಿಯುತ್ತದೆ. ಮೇಲೆ ಮಾತ್ರೆಯ ಪ್ರಭಾವವೂ ಸೇರಿದರೆ ದೃಷ್ಟಿನರಕ್ಕೆ ಹೋಗುವ ರಕ್ತ ಕೆಲವರಲ್ಲಿ ಸಾಲದೆ ಬರುತ್ತದೆ. ನೀವಾಗಿ ನಿಲ್ಲಿಸಬೇಡಿ, ಹೊತ್ತನ್ನೂ ಬದಲಿಸಬೇಡಿ. ಬಿಪಿ ನೋಡುವ ವೈದ್ಯರಿಗೆ ಗ್ಲಾಕೋಮಾ ಮುಂದುವರಿಯುತ್ತಿರುವ ವಿಷಯ ತಿಳಿಸಿ, ಮಾತ್ರೆಯನ್ನು ಬೆಳಿಗ್ಗೆಗೆ ಸರಿಸಬಹುದೇ ಎಂದು ಕೇಳಿ. ಹೋಗುವಾಗ ಹಳೆಯ ಫೀಲ್ಡ್ ಟೆಸ್ಟಿನ ಕಾಗದಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಒಯ್ಯಿರಿ, ಕೊನೆಯದೊಂದನ್ನೇ ಅಲ್ಲ.